ತೀರ್ಪಿನಲ್ಲಿ ಬರೆಯದ ದೂರ

ನ್ಯಾಯಾಧೀಶರು ಶಿಕ್ಷೆ ಓದುವಾಗ ವರ್ಷ ಹೇಳುತ್ತಾರೆ, ದಂಡ ಹೇಳುತ್ತಾರೆ, ದಂಡ ಕಟ್ಟಲು ತಪ್ಪಿದರೆ ಇನ್ನೆಷ್ಟು ತಿಂಗಳು ಎಂಬುದನ್ನೂ ಹೇಳುತ್ತಾರೆ. ಮನೆಯಿಂದ ಎಷ್ಟು ದೂರ ಎಂದು ಮಾತ್ರ ಹೇಳುವುದಿಲ್ಲ. ಅದನ್ನು ಆಮೇಲೆ ಬೇರೊಬ್ಬರು, ಬೇರೊಂದು ಕಚೇರಿಯಲ್ಲಿ, ಕೈದಿಯ ದರ್ಜೆ ಯಾವುದು, ಯಾವ ಜೈಲಿನಲ್ಲಿ ಜಾಗ ಖಾಲಿಯಿದೆ ಎಂದು ನೋಡಿ ತೀರ್ಮಾನಿಸುತ್ತಾರೆ. ಅಲ್ಲಿ ವಾದವಿಲ್ಲ, ಪ್ರತಿವಾದವಿಲ್ಲ. ಕೈದಿಗೆ ಏಳು ವರ್ಷದ ಮಗಳಿದ್ದರೆ ಅವಳ ಬದುಕನ್ನು ಬದಲಿಸುವುದು ಬಹುಮಟ್ಟಿಗೆ ಈ ಎರಡನೆಯ ತೀರ್ಮಾನ. ಅವಳ ಹೆಸರು ಅದರಲ್ಲಿ ಯಾಕೆ ಬರುವುದಿಲ್ಲ ಎಂದು ಯೋಚಿಸುತ್ತಾ ಬರೆದುಕೊಂಡ ಟಿಪ್ಪಣಿಗಳು ಇವು. ಹೆಚ್ಚಿನವು ನ್ಯೂಯಾರ್ಕ್ ರಾಜ್ಯದವು. ಮಗುವಿನ ಮನೆಗೆ ಹತ್ತಿರದ ಜೈಲಿನಲ್ಲೇ ತಂದೆತಾಯಿಯನ್ನು ಇಡಬೇಕು ಎಂದು ಕಾನೂನು ಮಾಡಿದ ರಾಜ್ಯ ಅದು.

*

ನಕಾಶೆ ಹರಡಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ಹೀಗೆ: ನ್ಯೂಯಾರ್ಕ್ ನಗರ ರಾಜ್ಯದ ತೀರ ಕೆಳಗಿನ ಮೂಲೆಯಲ್ಲಿದೆ, ಜೈಲುಗಳು ಮೇಲೆಲ್ಲ ಚದುರಿವೆ. ಆಟಿಕಾ ಜೈಲು ನಗರದಿಂದ ಸುಮಾರು 350 ಮೈಲಿ, ಅಂದರೆ 560 ಕಿ.ಮೀ. ಕ್ಲಿಂಟನ್ ಜೈಲು ಇರುವ ಡ್ಯಾನೆಮೋರಾ ಕೆನಡಾ ಗಡಿಯ ಹತ್ತಿರದ ಊರು. ಹೆಂಗಸರ ಆಲ್ಬಿಯನ್ ಜೈಲು ಒಂಟಾರಿಯೊ ಸರೋವರದ ಕಡೆಗಿದೆ. ನಮ್ಮ ಲೆಕ್ಕಕ್ಕೆ ಬೆಂಗಳೂರಿನಿಂದ ಬೆಳಗಾವಿ 500 ಕಿ.ಮೀ. ಅದಕ್ಕಿಂತಲೂ ದೂರ.

ಇದು ಹೇಗಾಯಿತು ಎಂಬುದಕ್ಕೆ ಇತಿಹಾಸವಿದೆ. 1973ರಲ್ಲಿ ರಾಕ್‌ಫೆಲ್ಲರ್ ಮಾದಕವಸ್ತು ಕಾನೂನುಗಳು ಬಂದವು, ಕೈದಿಗಳ ಸಂಖ್ಯೆ ಏರಿತು. 1980, 90ರ ದಶಕಗಳಲ್ಲಿ ರಾಜ್ಯ ಒಂದರ ಮೇಲೊಂದು ಜೈಲು ಕಟ್ಟಿತು. ಉತ್ತರದ ಊರುಗಳಲ್ಲಿ ಕಾರ್ಖಾನೆ ಮುಚ್ಚಿದ್ದವು, ಹೈನುಗಾರಿಕೆ ಸೊರಗಿತ್ತು. ಜೈಲು ಬಂದರೆ ಸರ್ಕಾರಿ ಸಂಬಳದ ಕೆಲಸ ಬರುತ್ತದೆ. ಆ ಊರುಗಳು ಜೈಲನ್ನು ಕೇಳಿ ಪಡೆದುಕೊಂಡವು. ಅವರನ್ನು ದೂಷಿಸಲು ಮನಸ್ಸು ಬರುವುದಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಒಂದೇ. ಆದರೆ ನಗರದ ಬಡ ಬೀದಿಗಳಿಂದ ಹೋದ ಅಪ್ಪ ಅಮ್ಮಂದಿರು ಎಲ್ಲಿ ಇರಬೇಕು ಎಂಬುದನ್ನು ಕೊನೆಗೆ ನಿರ್ಧರಿಸಿದ್ದು ಇನ್ಯಾವುದೋ ಜಿಲ್ಲೆಯ ನಿರುದ್ಯೋಗ.

*

ಕಾನೂನು ಬಂದದ್ದು 2020ರ ಕೊನೆಯಲ್ಲಿ. ಗವರ್ನರ್ ಆಂಡ್ರ್ಯೂ ಕುವೊಮೊ ಸಹಿ ಹಾಕಿದರು. ಸಾರ ಇಷ್ಟೆ: ಕೈದಿಗೆ 18 ತುಂಬದ ಮಕ್ಕಳಿದ್ದರೆ, ಭದ್ರತೆ, ಆರೋಗ್ಯ ಮುಂತಾದ ಕಾರಣ ಅಡ್ಡ ಬರದಿದ್ದರೆ, ಮಗು ವಾಸಿಸುವ ಮನೆಗೆ ಹತ್ತಿರದ ಜೈಲಿನಲ್ಲಿ ಇಡಬೇಕು.

ಅಳತೆ ಶುರುವಾಗುವುದು ಮಗುವಿನ ಮನೆಯಿಂದ. ಕೈದಿಯ ಸ್ವಂತ ಊರಿನಿಂದಲ್ಲ, ಶಿಕ್ಷೆ ಕೊಟ್ಟ ಕೋರ್ಟಿನಿಂದಲ್ಲ. ಅಪ್ಪ ಬ್ರೂಕ್ಲಿನ್‌ನಲ್ಲಿ ಸಿಕ್ಕಿಬಿದ್ದಿರಬಹುದು, ಮಗು ಬಫಲೋದಲ್ಲಿ ಅಜ್ಜಿಯ ಜೊತೆ ಇರಬಹುದು. ಆಗ ಬಫಲೋ ಲೆಕ್ಕಕ್ಕೆ ಬರುತ್ತದೆ. ನನಗೆ ಈ ಕಾನೂನಿನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

*

ಇದೇ ರಾಜ್ಯ 2010ರಲ್ಲಿ ಇನ್ನೊಂದು ಕಾನೂನು ಮಾಡಿತ್ತು. ಜನಗಣತಿಯವರು ಕೈದಿಗಳನ್ನು ಜೈಲಿರುವ ಊರಿನ ನಿವಾಸಿಗಳೆಂದು ಎಣಿಸುತ್ತಿದ್ದರು. ಇದರಿಂದ ಜೈಲಿರುವ ಹಳ್ಳಿಗಾಡಿನ ಕ್ಷೇತ್ರಗಳ ಜನಸಂಖ್ಯೆ ಉಬ್ಬುತ್ತಿತ್ತು, ನಗರದ ಕ್ಷೇತ್ರಗಳದು ಕುಗ್ಗುತ್ತಿತ್ತು. ಅದು ಅನ್ಯಾಯವೆಂದು, ಕ್ಷೇತ್ರ ಪುನರ್ವಿಂಗಡಣೆಗೆ ಕೈದಿಯನ್ನು ಅವನ ಹಳೆಯ ಮನೆಯ ವಿಳಾಸದಲ್ಲೇ ಎಣಿಸಬೇಕೆಂದು ಕಾನೂನಾಯಿತು. ಅಧಿಕಾರಿಗಳು ಸಾವಿರಾರು ಕೈದಿಗಳ ಮನೆ ವಿಳಾಸಗಳನ್ನು ಹುಡುಕಿ ತೆಗೆದು ನಕಾಶೆಯ ಮೇಲೆ ಕೂರಿಸಿದರು.

ಕೆಲಸ ಒಳ್ಳೆಯದೇ. ನನಗೆ ಅರ್ಥವಾಗದ್ದು ಹತ್ತು ವರ್ಷಗಳ ಅಂತರ. ಮತಕ್ಷೇತ್ರದ ಗೆರೆ ಎಳೆಯಲು ಮನೆ ವಿಳಾಸ 2010ರಲ್ಲೇ ಸಿಕ್ಕಿತು. ಅದೇ ಮನೆಯಲ್ಲಿ ಕಾಯುತ್ತಿರುವ ಮಗುವಿಗಾಗಿ ವಿಳಾಸ ನೋಡಬೇಕೆಂದು ಹೊಳೆಯಲು 2020 ಬರಬೇಕಾಯಿತು. ಅಷ್ಟರಲ್ಲಿ, ಮೊದಲ ಕಾನೂನಿನ ಹೊತ್ತಿಗೆ ಎಂಟು ವರ್ಷದವನಾಗಿದ್ದ ಹುಡುಗ 18 ಮುಟ್ಟಿರುತ್ತಾನೆ. ಎರಡನೆಯ ಕಾನೂನು ಅವನಿಗೆ ಅನ್ವಯಿಸುವುದೇ ಇಲ್ಲ.

*

ಮ್ಯಾನ್‌ಹಟನ್‌ನ 20ನೇ ಬೀದಿಯ ಪಶ್ಚಿಮ ತುದಿಯಲ್ಲಿ, ಹಡ್ಸನ್ ನದಿಯ ಹತ್ತಿರ, ಬೇವ್ಯೂ ಎಂಬ ಹೆಂಗಸರ ಜೈಲು ಇತ್ತು. ಮೊದಲು ಅದು ನಾವಿಕರಿಗಾಗಿ ಕಟ್ಟಿದ ವಸತಿಗೃಹ. ಬ್ರಾಂಕ್ಸ್‌ನಿಂದಲೋ ಕ್ವೀನ್ಸ್‌ನಿಂದಲೋ ಮಗುವೊಂದು ಸಬ್‌ವೇ ಹತ್ತಿ ಅಮ್ಮನನ್ನು ನೋಡಿ ರಾತ್ರಿ ಊಟಕ್ಕೆ ಮನೆಗೆ ವಾಪಸಾಗಬಹುದಿತ್ತು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಅಲ್ಲಿದ್ದವರನ್ನೆಲ್ಲ ತೆರವು ಮಾಡಿ ಬೇರೆ ಜೈಲುಗಳಿಗೆ ಕಳಿಸಿದರು. ಮರುವರ್ಷ ಜೈಲನ್ನೇ ಮುಚ್ಚಿದರು.

ಸ್ಟಾಟನ್ ಐಲೆಂಡ್‌ನ ಆರ್ಥರ್ ಕಿಲ್, ಬ್ರಾಂಕ್ಸ್‌ನ ಫುಲ್ಟನ್ 2011ರಲ್ಲೇ ಮುಚ್ಚಿದ್ದವು. ಹಾರ್ಲೆಮ್‌ನ ಲಿಂಕನ್ 2019ರಲ್ಲಿ. ಕೈದಿಗಳ ಸಂಖ್ಯೆ ಇಳಿದಿತ್ತು. ಜೈಲು ಮುಚ್ಚಿದ ಸುದ್ದಿಗೆ ಬೇಸರಪಡಬಾರದು ಎಂದು ನನ್ನ ನಂಬಿಕೆ. ಉತ್ತರದಲ್ಲೂ ಹಲವು ಮುಚ್ಚಿದವು. ಆದರೂ ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಬರೆದುಕೊಂಡಾಗ ಪೆನ್ನು ನಿಂತಿತು. ಹತ್ತಿರದ ಜೈಲಿನಲ್ಲಿಡಿ ಎಂಬ ಕಾನೂನು ಬರುವ ಹೊತ್ತಿಗೆ ನಗರದೊಳಗಿನ ಈ ಜೈಲುಗಳು ಒಂದೊಂದಾಗಿ ಇಲ್ಲವಾಗಿದ್ದವು. ‘ಹತ್ತಿರದ್ದು’ ಎಂದರೆ ಉಳಿದವುಗಳಲ್ಲಿ ಹತ್ತಿರದ್ದು.

ಹೆಂಗಸರಿಗಂತೂ ಆಯ್ಕೆ ಮೂರೋ ನಾಲ್ಕೋ. ಬೆಡ್‌ಫರ್ಡ್ ಹಿಲ್ಸ್‌ನಲ್ಲಿ ಜಾಗ ಸಿಕ್ಕರೆ ನಗರದಿಂದ ಸುಮಾರು ಒಂದು ಗಂಟೆಯ ದಾರಿ. ಆಲ್ಬಿಯನ್‌ಗೆ ಹಾಕಿದರೆ ಹೋಗುವುದಕ್ಕೇ ಹಗಲು ಕಳೆಯುತ್ತದೆ.

*

ಬೆಡ್‌ಫರ್ಡ್ ಹಿಲ್ಸ್ ಬಗ್ಗೆ ಇನ್ನಷ್ಟು. ಅಲ್ಲಿ 1901ರಿಂದಲೂ ಶಿಶುಪಾಲನಾ ವಿಭಾಗವಿದೆ. ಅಮೆರಿಕದ ಜೈಲುಗಳಲ್ಲಿ ಅಂಥದ್ದು ಇಷ್ಟು ಹಳೆಯದು ಬೇರಿಲ್ಲ. ಜೈಲಿನಲ್ಲಿದ್ದಾಗ ಹೆತ್ತ ತಾಯಿ ಮಗುವನ್ನು ಒಂದು ವರ್ಷ, ಬಿಡುಗಡೆ ಹತ್ತಿರವಿದ್ದರೆ ಒಂದೂವರೆ ವರ್ಷ, ಜೊತೆಗಿಟ್ಟುಕೊಳ್ಳಬಹುದು. ಎಲೇನ್ ರೂಲೆ ಎಂಬ ಕ್ರೈಸ್ತ ಸನ್ಯಾಸಿನಿ ಅಲ್ಲಿ ಮಕ್ಕಳ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಮಕ್ಕಳು ಬಂದರೆ ಆಟಿಕೆ, ಪುಸ್ತಕ ಇರುವ ಕೋಣೆ. ಬೇಸಿಗೆಯಲ್ಲಿ ಜೈಲಿನ ಆಸುಪಾಸಿನ ಕುಟುಂಬಗಳ ಮನೆಗಳಲ್ಲಿ ಉಳಿದುಕೊಂಡು ದಿನವೂ ಅಮ್ಮನ ಹತ್ತಿರ ಬರುವ ಏರ್ಪಾಡು. ಈ ಕೊನೆಯದನ್ನು ಓದಿ ತುಂಬ ಹೊತ್ತು ಖುಷಿಯಲ್ಲಿದ್ದೆ. ಯಾವ ಕಾನೂನೂ ಆ ನೆರೆಹೊರೆಯವರಿಗೆ ಬಾಗಿಲು ತೆರೆಯಿರಿ ಎಂದು ಹೇಳಿರಲಿಲ್ಲ.

*

ಬಸ್ಸಿನ ವಿಚಾರ.

1971ರ ಸೆಪ್ಟೆಂಬರ್‌ನಲ್ಲಿ ಆಟಿಕಾದಲ್ಲಿ ಕೈದಿಗಳು ದಂಗೆ ಎದ್ದರು. 43 ಜನ ಸತ್ತರು. ಆ ರಕ್ತಪಾತದ ನಂತರ ಬಂದ ಸುಧಾರಣೆಗಳ ಕಾಲದಲ್ಲಿ, ಕುಟುಂಬದವರು ಜೈಲಿಗೆ ಹೋಗಿಬರಲೆಂದು ರಾಜ್ಯವೇ ಉಚಿತ ಬಸ್ ಓಡಿಸತೊಡಗಿತು. ದಶಕಗಳ ಕಾಲ ಓಡಿತು. 2011ರಲ್ಲಿ ಖರ್ಚು ಉಳಿಸಲು ನಿಲ್ಲಿಸಿದರು. ಉಳಿದದ್ದು ಖಾಸಗಿ ಬಸ್ಸು, ವ್ಯಾನುಗಳು: ಕೊಲಂಬಸ್ ಸರ್ಕಲ್ ಹತ್ತಿರ ರಾತ್ರಿ ಹತ್ತಿದರೆ ಬೆಳಗ್ಗೆ ಜೈಲಿನ ಗೇಟು. ನಿದ್ದೆಗಣ್ಣಿನ ಮಕ್ಕಳು, ಗೇಟಿನಲ್ಲಿ ತಪಾಸಣೆ, ಕೆಲವು ಗಂಟೆ ಭೇಟಿ, ಮತ್ತೆ ಅಷ್ಟೇ ದೂರ ವಾಪಸು. ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳು ಎಂದರೆ ಮೂರು ಟಿಕೆಟ್ಟು.

ಬಸ್ ನಿಂತ ವರ್ಷ ಅಧಿಕಾರಕ್ಕೆ ಬಂದ ಗವರ್ನರ್ ಕುವೊಮೊ. ಹತ್ತಿರದ ಜೈಲಿನ ಕಾನೂನಿಗೆ ಸಹಿ ಹಾಕಿದವರೂ ಅವರೇ. ಒಂದೇ ಸರ್ಕಾರ ಒಂದು ಕೈಯಲ್ಲಿ ದಾರಿ ಮುಚ್ಚಿ ಇನ್ನೊಂದರಲ್ಲಿ ತೆರೆದದ್ದಕ್ಕೆ ಕಾರಣ ಹುಡುಕಿದೆ. ಬಸ್ಸು ಪ್ರತಿವರ್ಷ ಬಜೆಟ್ಟಿನಲ್ಲಿ ಕಾಣುವ ಖರ್ಚು. ಕೈದಿಯನ್ನು ಒಂದು ಜೈಲಿನ ಬದಲು ಇನ್ನೊಂದರಲ್ಲಿ ಇಡಲು ಅಂಥ ಪ್ರತ್ಯೇಕ ಬಾಬತ್ತು ಬೇಡ. ನನಗೆ ತೋಚಿದ್ದು ಇಷ್ಟೆ. ಹಾಗಿದ್ದ ಮೇಲೆ ಇದು ಮೊದಲೇ ಆಗಬೇಕಿತ್ತಲ್ಲ?

*

ಪ್ರಿಸನ್ ಪಾಲಿಸಿ ಇನಿಶಿಯೇಟಿವ್ ಎಂಬ ಸಂಸ್ಥೆ 2015ರಲ್ಲಿ ರಾಜ್ಯಗಳ ಜೈಲುಗಳ ಅಂಕಿಗಳನ್ನು ಒಟ್ಟುಮಾಡಿತು. ಮನೆಯಿಂದ 50 ಮೈಲಿಯೊಳಗೆ ಇದ್ದ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಿಂಗಳಲ್ಲಿ ಒಮ್ಮೆಯಾದರೂ ಭೇಟಿ ಸಿಕ್ಕಿತ್ತು. 100 ಮೈಲಿ ದಾಟಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. 500 ದಾಟಿದರೆ ಏಳರಲ್ಲಿ ಒಬ್ಬರು. ಪ್ರೀತಿ ಕಡಿಮೆಯಾಗಿ ಬರಲಿಲ್ಲ ಎಂದು ಒಳಗಿರುವವರು ಅಂದುಕೊಳ್ಳುತ್ತಾರೆ. ಅಂಕಿ ಬೇರೆ ಕಾರಣ ಹೇಳುತ್ತಿದೆ.

ಮಿನೆಸೋಟ ರಾಜ್ಯದ ಜೈಲು ಇಲಾಖೆ 2011ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. 2003ರಿಂದ 2007ರವರೆಗೆ ಬಿಡುಗಡೆಯಾದ 16,420 ಜನರನ್ನು ಗಮನಿಸಿ, ಭೇಟಿಗೆ ಜನ ಬಂದಿದ್ದವರು ಮತ್ತೆ ಅಪರಾಧಕ್ಕಾಗಿ ಶಿಕ್ಷೆಗೊಳಗಾಗುವ ಸಾಧ್ಯತೆ 13% ಕಡಿಮೆ ಎಂದಿತು. ಈ ಅಂಕಿಯನ್ನು ಎಲ್ಲರೂ ಬಳಸುತ್ತಾರೆ, ಶಾಸಕರನ್ನು ಒಪ್ಪಿಸಲು ಅದು ಬೇಕು. ಅದು ಕೆಲಸಕ್ಕೆ ಬರುವುದು ಸಂತೋಷವೇ. ಆದರೆ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಅಪ್ಪ ಮುಂದೆ ಕಳ್ಳತನ ಮಾಡಲಿ ಬಿಡಲಿ, ಅವನನ್ನು ನೋಡುವ ಆಸೆ ಆರು ವರ್ಷದ ಹುಡುಗನಿಗೆ ಇಂದು ಇದೆ. ಆ ಆಸೆ ತನ್ನ ಬಲದ ಮೇಲೆ ನಿಲ್ಲಬೇಕು. ಅಪ್ಪನನ್ನು ಸರಿಮಾಡುವ ಔಷಧಿಯಾಗಿ ಮಗುವನ್ನು ಬಳಸಬಾರದು.

*

ದೂರ ಕೆಲವೊಮ್ಮೆ ಮಗುವನ್ನೇ ಕಳೆದುಬಿಡುತ್ತದೆ. ಇದು ಗೊತ್ತಾದ ದಿನ ಬೇರೆ ಕೆಲಸ ಸಾಗಲಿಲ್ಲ.

1997ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಸಾಕುಮನೆಗಳಲ್ಲಿ ಮಕ್ಕಳು ವರ್ಷಗಟ್ಟಲೆ ಅತಂತ್ರರಾಗಿ ಉಳಿಯಬಾರದು, ಬೇಗ ಶಾಶ್ವತ ಮನೆ ಸಿಗಬೇಕು ಎಂಬುದು ಉದ್ದೇಶ. ಅದಕ್ಕಾಗಿ ನಿಯಮ: ಮಗು 22 ತಿಂಗಳಲ್ಲಿ 15 ತಿಂಗಳು ಸರ್ಕಾರಿ ಪಾಲನೆಯಲ್ಲಿದ್ದರೆ, ಹೆತ್ತವರ ಹಕ್ಕನ್ನು ಕಡಿದುಹಾಕಲು ಅರ್ಜಿ ಹೂಡಬೇಕು, ಕೆಲವು ವಿನಾಯಿತಿಗಳಿವೆ. ಅಮ್ಮನ ಶಿಕ್ಷೆ ಮೂರು ವರ್ಷ ಎಂದಿಟ್ಟುಕೊಳ್ಳಿ. ಮಗುವನ್ನು ನೋಡಿಕೊಳ್ಳುವ ಬಂಧುಗಳಿಲ್ಲ. ಕೋರ್ಟು ಕೇಳುತ್ತದೆ: ಮಗುವಿನ ಜೊತೆ ಸಂಬಂಧ ಉಳಿಸಿಕೊಂಡಿದ್ದೀರಾ? ಎಷ್ಟು ಸಲ ಭೇಟಿಯಾಯಿತು? ಅವಳು ಆಲ್ಬಿಯನ್‌ನಲ್ಲಿದ್ದರೆ, ಮಗು ಬ್ರೂಕ್ಲಿನ್‌ನಲ್ಲಿದ್ದರೆ, ಉತ್ತರ ಏನಿರಬಹುದು? ಮೂರು ವರ್ಷದ ಶಿಕ್ಷೆ ಜೀವಾವಧಿಯ ಅಗಲಿಕೆಯಾಗಿಬಿಡುತ್ತದೆ. ನ್ಯೂಯಾರ್ಕ್ 2010ರಲ್ಲಿ ಇದನ್ನು ಸಡಿಲಿಸಿತು. ಹೆತ್ತವರು ಜೈಲಿನಲ್ಲಿದ್ದರೆ, ಅವರು ಮಗುವಿನ ಬದುಕಿನಲ್ಲಿ ಅರ್ಥಪೂರ್ಣವಾಗಿ ಉಳಿದಿದ್ದರೆ, ಅರ್ಜಿಯನ್ನು ತಡೆಹಿಡಿಯಬಹುದು ಎಂದಿತು. ಅಲ್ಲೂ ಪ್ರಶ್ನೆ ಸುತ್ತಿ ಬರುವುದು ಅದೇ ಕಡೆಗೆ: 560 ಕಿ.ಮೀ. ಆಚೆಯಿಂದ ಉಳಿಯುವುದು ಹೇಗೆ?

*

ಫೆಡರಲ್ ಜೈಲುಗಳದು ಬೇರೆಯೇ ಅಳತೆ. 2018ರ ಡಿಸೆಂಬರ್‌ನ ಫಸ್ಟ್ ಸ್ಟೆಪ್ ಕಾಯ್ದೆ, ಸಾಧ್ಯವಾದಷ್ಟು ಮಟ್ಟಿಗೆ ಕೈದಿಯನ್ನು ಅವನ ಮನೆಯಿಂದ ರಸ್ತೆಯ ಮೇಲೆ 500 ಮೈಲಿಯೊಳಗೆ ಇಡಬೇಕು ಎನ್ನುತ್ತದೆ. 500 ಮೈಲಿ ಎಂದರೆ 800 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಪುಣೆ. ಇದನ್ನು ‘ಹತ್ತಿರ’ ಎಂದು ಒಪ್ಪಲು ಆಗಲಿಲ್ಲ. ಆಮೇಲೆ 2013ರ ಸಂಗತಿ ಓದಿದೆ. ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿದ್ದ ಹೆಂಗಸರ ಫೆಡರಲ್ ಜೈಲನ್ನು ಗಂಡಸರಿಗೆ ಕೊಡಲು ಹೊರಟು, ಅಲ್ಲಿದ್ದ ಎಷ್ಟೋ ಹೆಂಗಸರನ್ನು ಅಲಬಾಮಾದ ಅಲಿಸ್‌ವಿಲ್‌ಗೆ ಸಾಗಿಸುವ ಯೋಜನೆ ಆಗಿತ್ತು. ನ್ಯೂಯಾರ್ಕ್‌ನಿಂದ ಸಾವಿರ ಮೈಲಿ. ಈಶಾನ್ಯ ರಾಜ್ಯಗಳ ಸೆನೆಟರುಗಳು, ಈ ಹೆಂಗಸರಿಗೆ ಮಕ್ಕಳಿದ್ದಾರೆ ಎಂದು ಪತ್ರ ಬರೆದು ಆಕ್ಷೇಪಿಸಿದರು. ಅದರ ಮುಂದೆ 500 ಎಂಬುದೂ ಒಂದು ಬೇಲಿಯೇ.

ಹವಾಯಿ ಇದಕ್ಕೂ ಆಚೆ. ಅಲ್ಲಿನ ಜೈಲುಗಳು ತುಂಬಿವೆಯೆಂದು 1995ರಿಂದ ಕೈದಿಗಳನ್ನು ಅಮೆರಿಕದ ಮುಖ್ಯ ಭೂಭಾಗಕ್ಕೆ ಕಳಿಸುತ್ತಾ ಬಂದಿದ್ದಾರೆ. ಅರಿಜೋನಾದ ಈಲಾಯ್ ಎಂಬ ಮರುಭೂಮಿಯ ಊರಿನಲ್ಲಿರುವ ಖಾಸಗಿ ಜೈಲಿಗೆ ಹವಾಯಿಯ ಗಂಡಸರು ಹೋಗುತ್ತಾರೆ. ನಡುವೆ 4,500 ಕಿ.ಮೀ.ಗೂ ಹೆಚ್ಚು, ಬಹುಪಾಲು ಸಮುದ್ರ. ಇದು ಸರಿಯೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1983ರಲ್ಲೇ ಉತ್ತರಿಸಿಬಿಟ್ಟಿದೆ. ಓಲಿಮ್ ವಿರುದ್ಧ ವಾಕಿನೆಕೋನಾ ಪ್ರಕರಣದಲ್ಲಿ, ಹವಾಯಿಯ ಕೈದಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಿದರೂ ಅವನ ಸಂವಿಧಾನದತ್ತ ಹಕ್ಕಿಗೆ ಧಕ್ಕೆಯಿಲ್ಲ ಎಂದು ಬಹುಮತದ ತೀರ್ಪು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತ ಬರೆದು, ಇಷ್ಟು ದೂರದ ವರ್ಗಾವಣೆ ಗಡೀಪಾರಿಗೆ ಸಮ ಎಂದರು. ನಾನು ಮಾರ್ಷಲ್ ಅವರ ಕಡೆ.

*

ಈಗ ನಮ್ಮ ಕಡೆ. ಇಲ್ಲಿ ಸುಪ್ರೀಂ ಕೋರ್ಟ್ 2006ರ ಏಪ್ರಿಲ್ 13ರಂದು ಆರ್.ಡಿ. ಉಪಾಧ್ಯಾಯ ವಿರುದ್ಧ ಆಂಧ್ರಪ್ರದೇಶ ಸರ್ಕಾರ ಪ್ರಕರಣದಲ್ಲಿ ಕೊಟ್ಟ ಮಾರ್ಗಸೂಚಿಗಳನ್ನು ಓದಿದಾಗ ಒಂದು ವಿಚಿತ್ರ ಕಂಡಿತು. ತಾಯಿಯ ಜೊತೆ ಮಗು ಆರು ವರ್ಷದವರೆಗೆ ಜೈಲಿನಲ್ಲಿರಬಹುದು. ಆರು ತುಂಬಿದ ಮೇಲೆ ತಾಯಿ ಬಯಸಿದವರ ಕೈಗೆ, ಇಲ್ಲವೇ ಸಮಾಜ ಕಲ್ಯಾಣ ಇಲಾಖೆಯ ಸಂಸ್ಥೆಗೆ. ಆ ಸಂಸ್ಥೆ ಸಾಧ್ಯವಾದಷ್ಟು ಜೈಲಿರುವ ಊರಿನಲ್ಲೇ ಇರಬೇಕು, ಮಗುವಿಗೆ ವಾರಕ್ಕೊಮ್ಮೆಯಾದರೂ ತಾಯಿಯನ್ನು ಭೇಟಿ ಮಾಡಿಸಬೇಕು.

ಅಂದರೆ ನ್ಯೂಯಾರ್ಕ್‌ನಲ್ಲಿ ಅಮ್ಮ ಮಗುವಿನ ಊರಿಗೆ ಹೋಗಬೇಕು. ಇಲ್ಲಿ ಮಗು ಅಮ್ಮನ ಜೈಲಿನ ಊರಿಗೆ ಬರಬೇಕು. ಎರಡೂ ಒಂದೇ ನೋವಿಗೆ ಕೊಟ್ಟ ಮದ್ದು. ಯಾವುದು ಸರಿ? ಬಹಳ ದಿನ ತೂಗಿ ನೋಡಿದೆ. ಜೈಲಿನೊಳಗೇ ಬೆಳೆದ ಮಗುವಿಗೆ ಹೊರಗೆ ಬೇರೆ ಊರೇ ಇಲ್ಲದಿದ್ದರೆ ನಮ್ಮ ಕೋರ್ಟಿನ ದಾರಿ ದಯೆಯದು. ಆದರೆ ಮಗುವಿಗೆ ಅಜ್ಜಿ, ಶಾಲೆ, ಗೆಳೆಯರು, ಬೀದಿ ಇರುವ ಕಡೆ ನ್ಯೂಯಾರ್ಕ್‌ನ ದಾರಿಯೇ ಬೇಕು. ಮಗು ತಪ್ಪು ಮಾಡಿಲ್ಲ, ಅದು ಯಾಕೆ ಊರು ಬಿಡಬೇಕು?

ಅದೇ ತೀರ್ಪಿನ ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಜೈಲಿನಲ್ಲಿ ಹುಟ್ಟಿದ ಮಗುವಿನ ಜನನ ದಾಖಲೆಯಲ್ಲಿ ಜನ್ಮಸ್ಥಳ ಜೈಲು ಎಂದು ಬರೆಯಬಾರದು, ಆ ಬಡಾವಣೆಯ ವಿಳಾಸ ಮಾತ್ರ ಬರೆಯಬೇಕು.

*

ಆ ತೀರ್ಪು ಮಹಿಳಾ ಕೈದಿಗಳ ಮಕ್ಕಳನ್ನು ಕುರಿತದ್ದು. ದೇಶದ ಜೈಲುಗಳಲ್ಲಿ 2022ರ ಕೊನೆಗೆ 5,73,220 ಜನರಿದ್ದರು. ಅವರಲ್ಲಿ ಹೆಂಗಸರು 23,772. ಉಳಿದವರೆಲ್ಲ ಹೆಚ್ಚುಕಡಿಮೆ ಗಂಡಸರು. ಅವರಲ್ಲಿ ಎಷ್ಟೋ ಜನ ಅಪ್ಪಂದಿರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿ ಜೈಲಿನೊಳಗೆ ತಾಯಂದಿರ ಜೊತೆಗಿರುವ ಮಕ್ಕಳನ್ನು ಒಂದೊಂದಾಗಿ ಎಣಿಸುತ್ತದೆ: 1,537 ತಾಯಂದಿರು, 1,764 ಮಕ್ಕಳು. ಗೋಡೆಯ ಹೊರಗೆ ಕಾಯುತ್ತಿರುವ ಮಕ್ಕಳಿಗೆ ಅದರಲ್ಲಿ ಕೋಷ್ಟಕವಿಲ್ಲ. ಅಮೆರಿಕದ ನ್ಯಾಯಾಂಗ ಅಂಕಿಅಂಶ ಇಲಾಖೆ ಕೈದಿಗಳನ್ನೇ ಕೇಳಿ ಲೆಕ್ಕ ಹಾಕಿದೆ: 2016ರ ಸಮೀಕ್ಷೆಯಲ್ಲಿ ಸುಮಾರು 6.84 ಲಕ್ಷ ಹೆತ್ತವರು, 14.7 ಲಕ್ಷ ಅಪ್ರಾಪ್ತ ಮಕ್ಕಳು. ಕೇಳಿದರೆ ಗೊತ್ತಾಗುವ ವಿಷಯ ಇದು.

*

ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಕೈದಿಗಳ ಮನೆಯವರಿಗೆಂದು ಮಾಡಿದ್ದಲ್ಲ. ಆದರೂ ಬಳ್ಳಾರಿಗೋ ಕಲಬುರಗಿಗೋ ಬೆಳಗಾವಿಯ ಹಿಂಡಲಗಾಕ್ಕೋ ಗಂಡನನ್ನು, ಮಗನನ್ನು ನೋಡಲು ಹೊರಡುವ ಹೆಂಗಸು ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲದೆ ಹೋಗಬಲ್ಲಳು. ನ್ಯೂಯಾರ್ಕ್ ನಿಲ್ಲಿಸಿದ ಬಸ್ಸು ನಮ್ಮಲ್ಲಿ ಬೇರೆ ಬಾಗಿಲಿನಿಂದ ಬಂದಿದೆ. ತಪ್ಪಿದ ಕೂಲಿಯನ್ನು ಯಾರೂ ಕೊಡುವುದಿಲ್ಲ, ಅದು ಬೇರೆ.

*

ಎದುರು ವಾದಗಳು. ಮಗುವಿಗೇ ಹಿಂಸೆ ಕೊಟ್ಟವನನ್ನು ಹತ್ತಿರ ತರಬಾರದು. ಸರಿ, ಅಲ್ಲಿ ಚರ್ಚೆಯಿಲ್ಲ. ದೂರದ ಜೈಲಿನಲ್ಲಿ ಕಾಲೇಜು ಪಾಠ ಇದೆ, ಹತ್ತಿರದಲ್ಲಿ ಇಲ್ಲ. ಅಪ್ಪ ಓದಲೇ, ಮಗುವಿಗೆ ಹತ್ತಿರವಿರಲೇ? ಇದು ಕಷ್ಟದ್ದು, ಆಯ್ಕೆ ಅವನದಾಗಿರಲಿ ಎನ್ನುವಷ್ಟು ಮಾತ್ರ ಹೇಳಬಲ್ಲೆ. ಇನ್ನೊಂದು ನಮ್ಮ ಊರುಗಳದ್ದು. ‘ಅಪ್ಪ ದುಬೈಗೆ ಹೋಗಿದ್ದಾರೆ’ ಎಂದು ಮಗುವಿಗೆ ಹೇಳಿರುವ ಮನೆಗಳಿವೆ. ಜೈಲು ಪಕ್ಕದ ಊರಲ್ಲೇ ಇದ್ದರೆ ಸುಳ್ಳು ನಿಲ್ಲುವುದಿಲ್ಲ, ಶಾಲೆಯಲ್ಲಿ ಅವಮಾನ ಎಂದು ತಾಯಂದಿರು ಹೆದರುತ್ತಾರೆ. ಆ ಹೆದರಿಕೆ ನಿಜ. ಆದರೂ ವರ್ಷಗಟ್ಟಲೆ ಫೋನೂ ಮಾಡದ ದುಬೈ ಅಪ್ಪನಿಗಿಂತ, ವಾರಕ್ಕೊಮ್ಮೆ ‘ಇವತ್ತು ಏನು ತಿಂದೆ ಮಗಾ’ ಎಂದು ಕೇಳುವ ಜೈಲಿನ ಅಪ್ಪ ಮಗುವಿಗೆ ಲೇಸು ಎಂದೇ ನನಗೆ ಅನ್ನಿಸುತ್ತದೆ.

ದುಬೈ ಎಂದಾಗ ನೆನಪಾಯಿತು. ನಿಜವಾಗಿಯೂ ಕೊಲ್ಲಿಯ ಜೈಲುಗಳಲ್ಲಿ ಇರುವ ಭಾರತೀಯರಿಗೆ ಒಂದು ದಾರಿ ಇದೆ. ಕೈದಿಗಳ ಸ್ವದೇಶ ವಾಪಸಾತಿ ಕಾಯ್ದೆ 2003ರದು. ಸಂಯುಕ್ತ ಅರಬ್ ಸಂಸ್ಥಾನದ ಜೊತೆ ಒಪ್ಪಂದಕ್ಕೆ ಸಹಿ ಬಿದ್ದದ್ದು 2011ರಲ್ಲಿ. ಉಳಿದ ಶಿಕ್ಷೆಯನ್ನು ಮನೆಯವರಿಗೆ ಹತ್ತಿರವಿದ್ದು ಅನುಭವಿಸಲಿ ಎಂಬುದು ಅದರ ಆಶಯ. ಸಮುದ್ರದಾಚೆಯಿಂದ ಕರೆತರಲು ಒಪ್ಪುವ ಮನಸ್ಸು, ಕರೆತಂದ ಮೇಲೆ ಯಾವ ಜಿಲ್ಲೆಯ ಜೈಲು ಎಂಬುದಕ್ಕೂ ಚಾಚಿಕೊಳ್ಳಬೇಕಲ್ಲವೇ?

*

ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳು 2015ರವು. 59ನೇ ನಿಯಮ ಎಲ್ಲರಿಗೂ ಗೊತ್ತಿರುವಂಥದ್ದು: ಸಾಧ್ಯವಾದಷ್ಟೂ ಮನೆಗೆ ಹತ್ತಿರದ ಜೈಲು. 2010ರ ಬ್ಯಾಂಕಾಕ್ ನಿಯಮಗಳು ಹೆಂಗಸರ ವಿಷಯದಲ್ಲಿ, ಅವಳ ಮೇಲಿರುವ ಪಾಲನೆಯ ಹೊಣೆಯನ್ನೂ ನೋಡಬೇಕು ಎನ್ನುತ್ತವೆ. ನನಗೆ ಹೆಚ್ಚು ಬೇಕಾಗಿರುವುದು ಮಂಡೇಲಾ ನಿಯಮಗಳಲ್ಲಿ ಜನ ಅಷ್ಟಾಗಿ ಹೇಳದ 7ನೇ ನಿಯಮ. ಕೈದಿಯನ್ನು ಒಳಗೆ ಸೇರಿಸಿಕೊಳ್ಳುವ ದಿನವೇ ಕಡತದಲ್ಲಿ ಅವನ ಮಕ್ಕಳ ಹೆಸರು, ವಯಸ್ಸು, ಅವರು ಎಲ್ಲಿದ್ದಾರೆ, ಯಾರ ಪಾಲನೆಯಲ್ಲಿದ್ದಾರೆ ಎಂಬುದನ್ನು ಬರೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. ದುಡ್ಡಿನ ಖರ್ಚಿಲ್ಲ, ಹೊಸ ಕಟ್ಟಡ ಬೇಡ, ಒಂದು ಪುಟ ಸಾಕು.

ಹಾಗಾಗಿ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಬರೆಯಲು ಕೂತಿದ್ದೇನೆ. ಕೇಳುವುದು ಮೂರು. ರಾಜ್ಯದ ಜೈಲುಗಳಲ್ಲಿ ಕೈದಿಯನ್ನು ದಾಖಲಿಸಿಕೊಳ್ಳುವಾಗ ಮಕ್ಕಳ ವಿವರ ಬರೆದುಕೊಳ್ಳುವ ನಮೂನೆ ಇದೆಯೇ, ಇದ್ದರೆ ಅದರ ಪ್ರತಿ ಕೊಡಿ. ಒಬ್ಬ ಕೈದಿಯನ್ನು ಒಂದು ಜೈಲಿನಿಂದ ಇನ್ನೊಂದಕ್ಕೆ ವರ್ಗಾಯಿಸುವ ಆದೇಶ ಹೊರಡಿಸುವ ಮೊದಲು ಆ ವಿವರವನ್ನು ನೋಡಬೇಕೆಂಬ ಸುತ್ತೋಲೆ ಇದೆಯೇ. ಕಳೆದ ಒಂದು ವರ್ಷದಲ್ಲಿ, ಮಕ್ಕಳಿಗೆ ಹತ್ತಿರವಾಗಲೆಂದು ಎಷ್ಟು ತಂದೆತಾಯಂದಿರನ್ನು ವರ್ಗಾಯಿಸಲಾಗಿದೆ, ಹಾಗೆ ಕೇಳಿದವರಲ್ಲಿ ಎಷ್ಟು ಜನರಿಗೆ ಇಲ್ಲ ಎನ್ನಲಾಗಿದೆ.